ಸ್ವಿಚ್ಚು ಆರಿಸುವವಳು

ಇವಳೇ,

ನೀನು ತೀರಿಕೊಂಡ ಮೇಲೆ ಈ ದರ್ಜಿಯ ಸೊಂಟನೋವಿಗೆ ಹೇಳುವವರು ಕೇಳುವವರು ಇಲ್ಲದಂತಾಗಿದೆ. ಇವತ್ತು ಆಸ್ಪತ್ರೆಯಲ್ಲಿ ಡಾಕ್ಟರು, ವ್ಯಾಯಾಮ ಕಲಿಸುವವಳು, ಮನಸ್ಸಿನ ಡಾಕ್ಟರು, ನರ್ಸು ಒಟ್ಟಿಗೇ ನನ್ನ ಸುತ್ತ ಕೂತಿದ್ದರು.

"ಹೊರೋಕೆ ನಾಲ್ಕು ಜನ ಈಗಲೇ ಬಂದುಬಿಟ್ರಾ?" ಎಂದೆ. ನರ್ಸು ಮಾತ್ರ ನಕ್ಕಳು.

"ನೋವು ಪೂರ್ತಿ ಹೋಗಲ್ಲ, ಯಜಮಾನ್ರೇ. ಜೋರಾಗೋ ಮುಂಚೆನೇ ಹೊಲಿಗೆ ನಿಲ್ಲಿಸಿ ಏಳ್ಬೇಕು. ಮನೇಲಿ ನೆನಪಿಸೋಕೆ ಯಾರಿದ್ದಾರೆ?" ಎಂದರು ಡಾಕ್ಟರು.

"ಯಾರೂ ಬೇಕಾಗಿಲ್ಲ!" ಎಂದು ರೇಗಿದೆ. ಅಲಾರಂ ಗಡಿಯಾರ ಕೊಟ್ಟು ಕಳಿಸಿದರು.

ಮನೆಗೆ ಬಂದು ಹೊಲಿಯಲು ಕೂತೆ. ಅಲಾರಂ ಬಡಿದುಕೊಂಡಿತು. ಅದರ ಬಾಯಿ ಮುಚ್ಚಿಸಿ ಹೊಲಿದೆ. ಈಗ ನಿಲ್ಲಲಾರೆ, ಮಲಗಲಾರೆ; ಹೊಲಿಗೆ ಯಂತ್ರದ ಮೇಲೇ ಒರಗಿ ಬರೆಯುತ್ತಿದ್ದೇನೆ. ನೀನಾದರೆ ಗೋಡೆಯ ಮೇಲಿನ ಅದರ ಸ್ವಿಚ್ಚು ಆರಿಸಿ, ನಾನೆಷ್ಟು ಕೂಗಾಡಿದರೂ ಅದಕ್ಕೆ ಅಡ್ಡ ನಿಂತಿರುತ್ತಿದ್ದೆ.

ಮೋಟರು ಇನ್ನೂ ಗುಂಯ್‌ಗುಡುತ್ತಿದೆ. ಸ್ವಿಚ್ಚಿಗೆ ನನ್ನ ಕೈ ಎಟುಕುತ್ತಿಲ್ಲ. ಬಂದು ಆರಿಸೇ.