ತಾಗದೆ ಹೋದ ಕೋಲು

ವಿಶ್ವವಿದ್ಯಾಲಯದ ಸಿಬ್ಬಂದಿ ವಸತಿಗೃಹ
ಬುಧವಾರ, ಸಂಜೆ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲು ಹತ್ತಿಳಿಯುವ ಹಟ ಬಿಟ್ಟಿದ್ದೀರಾ? ಬಿಟ್ಟಿರಲಾರಿರಿ. ಎಣ್ಣೆ ತಿಕ್ಕುವ ಅಕ್ಕನಿಗೆ ತಾಳ ತಪ್ಪಿತೆಂದು ಬೈಯಬೇಡಿ. ಅವಳು ಒಳ್ಳೆಯವಳು, ನನ್ನಂತಲ್ಲ.

ಇಲ್ಲಿ ನಾನು ಅಡಕತ್ತರಿಗೆ ಸಿಕ್ಕ ಅಡಕೆಯಾಗಿದ್ದೇನೆ. ಒಳ್ಳೆಯ ನಡತೆಯನ್ನೂ ಬೇರೆ ಜನರೊಡನೆ ಬಾಳುವುದನ್ನೂ ಕುಣಿತದಿಂದ ಕಲಿಸಿ ಎಂದು ಒಂದು ತರಗತಿ ಕೊಟ್ಟರಲ್ಲ, ನಾನು ನೀವು ಕಲಿಸಿದ ಕೋಲಾಟವನ್ನೇ ಹಿಡಿದೆ. ಎಲ್ಲ ಸಮುದಾಯದವರೂ ಒಂದೇ ಸುತ್ತಿನಲ್ಲಿ, ಪ್ರತಿ ಸುತ್ತಿಗೂ ಜೋಡಿ ಬದಲು. ಯಾರೂ ಯಾರಿಂದಲೂ ತಪ್ಪಿಸಿಕೊಳ್ಳಲಾಗದು. ಕಳೆದ ವಾರ ತಾಲೀಮಿನಲ್ಲಿ ಕೋಲಿಗೆ ಕೋಲು ತಾಗುವ ಸದ್ದಿನ ನಡುವೆ ಮತ್ತೆ ಮತ್ತೆ ಒಂದು ಏಟು ತಪ್ಪುತ್ತಿತ್ತು. ನಾವೆಲ್ಲ 'ಕಂಬ' ಎನ್ನುವ ಉದ್ದನೆಯ ಹುಡುಗ, ಇಲ್ಲಿ ಶೌಚಾಲಯ ತೊಳೆಯುವಾಕೆಯ ಮಗಳು ಎದುರಾದಾಗಲೆಲ್ಲ ಕೋಲನ್ನು ಹಿಂದಕ್ಕೆಳೆದುಕೊಳ್ಳುತ್ತಿದ್ದ. ಮನಸ್ಸಿನ ಹೊಲಸನ್ನು ಭಾಷಣದಲ್ಲಿ ಮುಚ್ಚಬಹುದು, ಕೋಲಾಟದಲ್ಲಿ ಮುಚ್ಚಲಾಗದು ಅಪ್ಪಾ. ಇಡೀ ಕೋಣೆಗೆ ಕೇಳಿಸಿಬಿಡುತ್ತದೆ. ನಾನು ಕುಣಿತ ನಿಲ್ಲಿಸಿದೆ. "ಯಾಕೋ, ತಾಗಿದ್ರೆ ಕರೆಂಟ್ ಹೊಡೆಯುತ್ತಾ?" ಎಂದು ಹುಡುಗಿಯೇ ಕೇಳಿದಳು. ಎಲ್ಲರೂ ನಕ್ಕರು. ಅವನು ಕೋಲು ಬಿಸಾಕಿ ನಮ್ಮ ವಿಭಾಗದ ಮುಖ್ಯಸ್ಥರ ಕೋಣೆಗೆ ನಡೆದ.

ಮರುದಿನ ಮುಖ್ಯಸ್ಥರು ನನ್ನನ್ನು ಕರೆಸಿದರು. ಶನಿವಾರದ ಪ್ರದರ್ಶನಕ್ಕೆ ಸಮುದಾಯಕ್ಕೊಂದು ಸುತ್ತು, ಸುತ್ತಿಗೊಂದು ಬಣ್ಣದ ಉಡುಗೆಯಂತೆ. "ಹೂವು ಬೇರೆ ಬೇರೆ ಇದ್ರೇ ಚಂದ ಕಣಮ್ಮ." ನಾನು, "ಕುಂಡಾನೂ ಬೇರೆ ಬೇರೆ ಬೇಕಾ ಸಾರ್?" ಎಂದೆ. ಅವರು ಮುಖ ಗಂಟಿಕ್ಕಿದರು. ಆ ಹುಡುಗಿಯ ಸಮುದಾಯದವರು ತರಗತಿಯಲ್ಲಿ ಬೇರೆ ಯಾರೂ ಇಲ್ಲ. ಒಬ್ಬಳೇ ಸುತ್ತು ಕಟ್ಟಲಾಗದು. "ಅವಳು ಲೈಟ್ ನೋಡ್ಕೊಳ್ಳಲಿ ಬಿಡಿ" ಎಂದರು. ಆಗುವುದಿಲ್ಲ ಎಂದೆ. ನನ್ನ ನೌಕರಿ ಕಾಯಂ ಅಲ್ಲವೆಂದು ನೆನಪಿಸಿದರು. ನೆನಪಿದೆ ಎಂದೆ.

ಹುಡುಗಿಯ ತಾಯಿ ಇವತ್ತು ಕಾರಿಡಾರಿನಲ್ಲಿ ಬಕೆಟ್ ಕೆಳಗಿಟ್ಟು ನನ್ನನ್ನು ತಡೆದಳು. "ನಿಮ್ಮ ಹಟಕ್ಕೆ ನನ್ನ ಮಗಳ ಓದು ಹಾಳಾಗ್ಬಾರ್ದು ಮೇಡಂ. ಕುಣಿಯೋಕೆ ಹೋಗ್ಬೇಡ ಅಂತ ಅವಳಿಗೆ ಅಂದಿದೀನಿ. ಅವಳೋ, ಮನೇಲಿ ಎರಡು ಸೌಟು ಹಿಡ್ಕೊಂಡು ಕುಣೀತಾಳೆ." ಅವಳ ಭಯ ನನಗೆ ಅರ್ಥವಾಗುತ್ತದೆ. ಆ ಭಯ ಹುಟ್ಟಿಸಿದವರೊಡನೆ ರಾಜಿ ಮಾತ್ರ ನನ್ನಿಂದಾಗದು.

ಅಕ್ಕನಿಗೂ ಮಕ್ಕಳಿಗೂ ನನ್ನ ನೆನಪು ಹೇಳಿ.

ನಿಮ್ಮ ನೋಯುವ ಕಾಲಿಗೆ ಮೆಲ್ಲಗೆ ನಮಸ್ಕರಿಸುವ,
ಕಿರಿಮಗಳು

ತಾ.ಕ.: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಮುಖ್ಯಸ್ಥರು ಶುಕ್ರವಾರ ನಿಮಗೆ ಫೋನ್ ಮಾಡುತ್ತಾರೆ. ಎಲ್ಲರನ್ನೂ ಬೆರೆಸುವುದು ಸಂಪ್ರದಾಯವಲ್ಲ ಎಂದು ನನ್ನ ಗುರುವಾದ ನಿಮ್ಮ ಬಾಯಿಂದಲೇ ಹೇಳಿಸಿ ಹುಡುಗಿಯನ್ನು ಹೊರಗಿಡುವ ಹುನ್ನಾರ. ಅವರು ಸುಳ್ಳು ಹೇಳಿಸುತ್ತಿಲ್ಲ ಎಂಬುದೇ ನನ್ನ ಸಂಕಟ. ನಮ್ಮ ಮೇಳಕ್ಕೆ ಜೀವಮಾನವಿಡೀ ಡೋಲು ಬಡಿದ, ನಾನು ಮಾವ ಎನ್ನುತ್ತಿದ್ದ ಹೊರಕೇರಿಯ ಹಿರಿಯರ ಕೈಗೆ ನೀವು ಒಂದು ದಿನವೂ ಕೋಲು ಕೊಡಲಿಲ್ಲ. "ಅವನದು ಡೋಲು, ನಮ್ಮದು ಕೋಲು" ಎನ್ನುತ್ತಿದ್ದಿರಿ. ಸಂಪ್ರದಾಯ ಹೌದು, ತಪ್ಪೂ ಹೌದು ಎಂದು ಅವರಿಗೆ ಹೇಳಿ ಅಪ್ಪಾ. ಫೋನ್ ಎತ್ತದೆ ತಪ್ಪಿಸಿಕೊಳ್ಳಬೇಡಿ. ನೀವು ಅವರಿಗೆ ಹೂಂಗುಟ್ಟಿದರೂ ನಾನು ನಿಮ್ಮ ಮಗಳೇ. ಆದರೆ ಶನಿವಾರದಿಂದ ನಿಮ್ಮ ಶಿಷ್ಯೆಯಲ್ಲ.