ಹಿಂದಿನ ಸಾಲಿನ ಬಟ್ಟೆಗಳು

ಭಾನುವಾರ, ಮಧ್ಯಾಹ್ನ
ಅಂಗಡಿಯ ಹಿಂದಿನ ಕೋಣೆಯಿಂದ

ಪ್ರೀತಿಯ ಚೂಟಿಗೆ,

ನಿನ್ನ ಕಾಗದ ಬಂತು. ಅಲ್ಲಿ ಚಳಿ ಶುರುವಾಗಿದೆ, ನೀಲಿ ಕೋಟನ್ನು ಪಾರ್ಸೆಲ್ ಮಾಡಿ ಕಳಿಸು ಎಂದು ಬರೆದಿದ್ದೀಯ. ಕಾಗದದ ತುಂಬ ಕೋಟಿನದೇ ಮಾತು. ಹೇಗಿದ್ದೀಯಮ್ಮಾ ಎಂದು ಕೇಳಲು ಅಂಚಿನಲ್ಲಿ ಸ್ವಲ್ಪ ಜಾಗ ಉಳಿಸಿದ್ದೀಯಲ್ಲ, ಅಷ್ಟಕ್ಕೇ ಸಂತೋಷ. ಚೆನ್ನಾಗಿದ್ದೇನೆ. ಕೋಟಿನ ವಿಷಯ ಆಮೇಲೆ ಬರೆಯುತ್ತೇನೆ, ಮೊದಲು ಅಂಗಡಿಯ ಸುದ್ದಿ ಓದು.

ನಮ್ಮ ಲಾಂಡ್ರಿಯಲ್ಲಿ ಪ್ಲಾಸ್ಟಿಕ್ ಕವರ್ ಕೊಡುವುದನ್ನು ನಿಲ್ಲಿಸಿದ್ದೇನೆ. ಎರಡು ಸಲ ಓದಬೇಡ, ಸರಿಯಾಗಿಯೇ ಓದಿದ್ದೀಯ. ಕವರ್ ನಿಲ್ಲಿಸುವ ತನಕ ಈ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದು ನೀನು ಹೊರಟ ದಿನ ಬೀದಿಗೆಲ್ಲ ಕೇಳುವ ಹಾಗೆ ಹೇಳಿದ್ದೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ನೀನು ಹೇಳಿದ್ದೇ ಸರಿ ಎಂದೂ ನಾನು ಎಲ್ಲೂ ಬರೆದಿಲ್ಲ.

ನಿಲ್ಲಿಸಿದ್ದು ಮೋರಿಯ ದೆಸೆಯಿಂದ. ನೀನು ಹೋದ ಮೇಲೆ ಬಂದ ಮೊದಲ ದೊಡ್ಡ ಮಳೆಗೆ ಅಂಗಡಿ ಹಿಂದಿನ ಮೋರಿ ಕಟ್ಟಿಕೊಂಡು, ನೀರು ಒಗೆಯುವ ಕೋಣೆಗೆ ನುಗ್ಗಿತು. ಮೋರಿ ತೆಗೆಯುವವನು ಬಂದು ಕೋಲು ಹಾಕಿ ಎಳೆದರೆ ಕವರಿನ ಹಿಂದೆ ಕವರು, ಎಲ್ಲದರ ಮೇಲೂ ನಮ್ಮ ಅಂಗಡಿಯ ಹೆಸರು. ಅವನು ಅದನ್ನು ಎತ್ತಿ ಹಿಡಿದು, ಅಕ್ಕಾ, ನಿಮ್ಮ ಜಾಹೀರಾತು ಇಲ್ಲೂ ಇದೆಯಲ್ಲ ಅಂದ. ಸುತ್ತ ನಿಂತವರೆಲ್ಲ ನಕ್ಕರು. ನಿನ್ನ ಮಾವನೂ ನಕ್ಕ, ನನ್ನ ತಮ್ಮನಾಗಿ! ನನಗೆ ಮೈಯೆಲ್ಲ ಉರಿದುಹೋಯಿತು. ಮಾರನೆಯ ದಿನವೇ ಉಳಿದ ಕವರಿನ ಕಟ್ಟನ್ನು ಕವರು ಮಾರುವವನಿಗೆ ವಾಪಸ್ ಕೊಟ್ಟೆ.

ಕವರಿಲ್ಲದೆ ಇಸ್ತ್ರಿ ಬಟ್ಟೆಯನ್ನು ಗಿರಾಕಿಗಳ ಕೈಗೆ ಹೇಗೆ ಕೊಡುವುದು? ಆಗ ಕಣ್ಣಿಗೆ ಬಿದ್ದದ್ದು ಹಿಂದಿನ ಸಾಲು. ಒಗೆಯಲು ಕೊಟ್ಟು, ತೆಗೆದುಕೊಂಡು ಹೋಗಲು ಬಾರದವರ ಬಟ್ಟೆಗಳನ್ನು ನಿನ್ನಪ್ಪ ಮೇಜಿನ ಹಿಂದಿನ ಕಂಬಿಗೆ ತೂಗುಹಾಕುತ್ತಿದ್ದರಲ್ಲ, ಅದೇ. ಬಟ್ಟೆ ನಮ್ಮದಲ್ಲ, ಬಂದು ಕೇಳಿದ ದಿನ ಇರಬೇಕು ಅನ್ನುತ್ತಿದ್ದರು. ಅವರು ಹೋದ ಮೇಲೂ ನಾನು ಧೂಳು ಕೊಡವುತ್ತ ಕಾದುಕೊಂಡು ಬಂದೆ. ಸುಮ್ಮನೆ ನೇತಾಡುವುದನ್ನು ಚೀಲ ಮಾಡಬಾರದೇ ಎಂದು ನೀನು ಕೇಳಿದಾಗ ನಿನ್ನ ಮೇಲೆ ಹರಿಹಾಯ್ದಿದ್ದೆ. ಈಗ ನಾನೇ ಕತ್ತರಿ ಹಿಡಿದೆ. ಚಪ್ಪಟೆ ಚೀಲಗಳು, ಮಡಿಸಿದ ಬಟ್ಟೆ ನಲುಗದ ಹಾಗೆ ತಳಕ್ಕೆ ರಟ್ಟು. ಗಿರಾಕಿಗಳು ಮುಂದಿನ ಸಲ ಬರುವಾಗ ಚೀಲವನ್ನು ವಾಪಸ್ ತರಬೇಕು. ಕೆಲವರು ಮೂಗು ಮುರಿದರು. ಬ್ಯಾಂಕಿನ ಮ್ಯಾನೇಜರ್ ಬೇರೆ ಲಾಂಡ್ರಿಗೆ ಹೋದವರು ಅಲ್ಲಿ ಕಾಲರಿನ ಮೇಲೆ ಕಂದು ಕಲೆ ಮಾಡಿಸಿಕೊಂಡು ಇಲ್ಲಿಗೇ ಬಂದರು.

ಒಂದನ್ನು ಹಿಡಿದ ಮೇಲೆ ಉಳಿದದ್ದೂ ಬಂತು. ಅರ್ಧ ತುಂಬಿದ ಮೆಷಿನ್ ಈಗ ಓಡಿಸುವುದಿಲ್ಲ. ಬಿಸಿಲಿದ್ದರೆ ಡ್ರೈಯರ್ ಮುಟ್ಟುವುದಿಲ್ಲ, ತಾರಸಿಯ ತಂತಿಯೇ ಸಾಕು. ಕೊನೆಯಲ್ಲಿ ಜಾಲಿಸಿದ ನೀರು ನೆಲ ಒರೆಸುವುದಕ್ಕೆ. ಸೋಪಿನ ಪುಡಿ ಮಾತ್ರ ಇನ್ನೂ ಕಷ್ಟ. ಅಳತೆಯ ಲೋಟ ಹಾಕಿದ ಮೇಲೂ ಕೈ ತನ್ನಷ್ಟಕ್ಕೆ ಇನ್ನೊಂದು ಹಿಡಿಗೆ ಹೋಗುತ್ತದೆ. ನಿನ್ನ ಮಾವ ಡಬ್ಬವನ್ನು ನನ್ನ ಕೈಗೆಟುಕದ ಹಲಗೆಯ ಮೇಲಿಟ್ಟಿದ್ದಾನೆ. ಏನು ಹೇಳಲಿ, ನನ್ನ ಅಂಗಡಿಯಲ್ಲೇ ನನ್ನ ಮೇಲೆ ಕಾವಲು.

ಇನ್ನು ಬರೆಯಲು ಕಷ್ಟವಾದ ಭಾಗ. ಪಕ್ಕದ ಬೀದಿಯ ಗಡಿಯಾರ ರಿಪೇರಿಯವರು ನಿನಗೆ ಗೊತ್ತಲ್ಲ, ದಿನಾ ಸಂಜೆ ನಮ್ಮ ಅಂಗಡಿಯ ಮುಂದೆ ನಿಧಾನಕ್ಕೆ ನಡೆದು ಹೋಗುತ್ತಿದ್ದವರು. ಒಂದು ಸಂಜೆ ಅವರು ನಿಂತುಬಿಟ್ಟರು. ಆಮೇಲೆ ಒಳಗೆ ಬಂದು, ನಮ್ಮ ಅಂಗಡಿಯ ಮಾಸಿದ ಒಂದು ಚೀಟಿಯನ್ನು ಮೇಜಿನ ಮೇಲಿಟ್ಟು, ಹಸಿರು ಹೂವಿನ ಗೌನು ಕಾಣ್ತಿಲ್ವಲ್ಲ ಎಂದು ಕೇಳಿದರು. ಅದು ಅವರ ಹೆಂಡತಿಯದು. ಒಗೆಯಲು ಕೊಟ್ಟ ವಾರದಲ್ಲೇ ಆಕೆ ತೀರಿಕೊಂಡಿದ್ದರು. ಅವರು ಮರೆತಿದ್ದಾರೆ ಎಂದೇ ನಾನು ತಿಳಿದಿದ್ದೆ. ಮರೆತಿರಲಿಲ್ಲ ಚೂಟಿ, ಬೇಕೆಂದೇ ಬಿಟ್ಟಿದ್ದರು. ಗೌನು ತನ್ನಿ ಅಂದಿದ್ದಳು, ಅವಳು ಹೇಳಿದ ಕೆಲಸ ಒಂದು ಬಾಕಿ ಇರಲಿ ಅಂತ ಬಿಟ್ಟಿದ್ದೆ, ಅದು ನೇತಾಡೋದು ಬೀದಿಯಿಂದಲೇ ಕಾಣ್ತಿತ್ತು ಅಂದರು.

ಆ ಗೌನು ಚೀಲವಾಗಿ, ಯಾರದೋ ಅಂಗಿಗಳನ್ನು ತುಂಬಿಕೊಂಡು, ಯಾರದೋ ಮನೆಗೆ ಹೋಗಿಯಾಗಿತ್ತು. ಅದನ್ನು ಹೇಳಿದೆ. ಅವರು ಬೈದಿದ್ದರೆ ಒಳ್ಳೆಯದಿತ್ತು. ಚೀಟಿಯನ್ನು ಮತ್ತೆ ಜೇಬಿಗಿಟ್ಟುಕೊಂಡು ಹೋದರು.

ಆಮೇಲೆ ಬಂದ ಗಿರಾಕಿಗಳನ್ನೆಲ್ಲ ಕೇಳಿದೆ. ಗೊತ್ತಿಲ್ಲ ಎಂದವರ ಮನೆಗೂ ಹೋಗಿ ಕೇಳಿದೆ. ಕೊನೆಗೆ ಸಿಕ್ಕಿದ್ದು ತರಕಾರಿ ಮಾರುಕಟ್ಟೆಯಲ್ಲಿ, ಅಂಚೆ ಕಚೇರಿಯ ಗುಮಾಸ್ತೆಯ ಕೈಯಲ್ಲಿ, ತುಂಬ ಈರುಳ್ಳಿ ಹೊತ್ತುಕೊಂಡು. ನಾನು ಅಲ್ಲೇ ಚೀಲ ಕೊಡಿ ಅಂದೆ. ಆಕೆ ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಈರುಳ್ಳಿಯನ್ನೆಲ್ಲ ನನ್ನ ಸೆರಗಿಗೆ ಸುರಿಸಿಕೊಂಡು ಆಕೆಯ ಮನೆಯ ತನಕ ಹೊತ್ತು ಬಿಟ್ಟು ಬಂದೆ. ಚೀಲವನ್ನು ಗಡಿಯಾರದವರಿಗೆ ಕೊಟ್ಟಾಗ ಅವರು ತಿರುಗಿಸಿ ತಿರುಗಿಸಿ ನೋಡಿ, ತೋಳು ಎಲ್ಲಿ ಎಂದು ಕೇಳಿದರು. ಉಳಿದಿಲ್ಲ ಅಂದೆ. ಅದು ಇಸ್ತ್ರಿ ಮೇಜು ಒರೆಸುವ ಬಟ್ಟೆಯಾಗಿತ್ತು ಎಂದು ಹೇಳುವ ಧೈರ್ಯ ಬರಲಿಲ್ಲ. ಈಗಲೂ ಹೇಳಿಲ್ಲ, ನೀನೂ ಹೇಳಬೇಡ.

ಅಂದು ಅಂಗಡಿಗೆ ಬಂದು, ಈ ಉಸಾಬರಿಯೇ ಬೇಡ, ಮತ್ತೆ ಕವರ್ ತರಿಸಿಬಿಡು ಎಂದು ನಿನ್ನ ಮಾವನಿಗೆ ಹೇಳಿದೆ. ನಿಜವಾಗಿಯೂ ಹೇಳಿದೆ. ಅವನು ಇಸ್ತ್ರಿ ಪೆಟ್ಟಿಗೆಯಿಂದ ಕಣ್ಣೆತ್ತದೆ, ಅಕ್ಕಾ, ತಪ್ಪು ಮಾಡಿದ್ದು ಕತ್ತರಿ, ಚೀಲ ಏನ್ಮಾಡ್ತು ಅಂದ. ಅಪರೂಪಕ್ಕೆ ಬುದ್ಧಿಯ ಮಾತಾಡಿದ್ದಕ್ಕೆ ಕಾಫಿ ಮಾಡಿ ಕೊಟ್ಟೆ. ಕವರ್ ತರಿಸಲಿಲ್ಲ. ಆದರೆ ಅಂದಿನಿಂದ ಯಾವ ಬಟ್ಟೆಗೂ ಕೇಳದೆ ಕತ್ತರಿ ಹಾಕಿಲ್ಲ. ಸಾಲಿನಲ್ಲಿ ಉಳಿದಿದ್ದವುಗಳ ಮನೆಗಳನ್ನು ಹುಡುಕಿಕೊಂಡು ಹೋದೆ. ಕೆಲವರು ನಾಚಿಕೊಂಡು ತೆಗೆದುಕೊಂಡರು, ಕೆಲವರು ಏನಾದ್ರೂ ಮಾಡ್ಕೊಳಿ ಅಂದರು. ಒಬ್ಬಾಕೆ ತನ್ನ ಹಳೆಯ ಗಂಡನ ಪ್ಯಾಂಟನ್ನು ಖುಷಿಯಿಂದ ಕತ್ತರಿಸಲು ಹೇಳಿ, ತಾನೂ ಒಂದು ಕತ್ತರಿ ಹಾಕಿ ಹೋದಳು.

ಗಡಿಯಾರದವರು ಬಹಳ ದಿನ ನಮ್ಮ ಬೀದಿಯನ್ನೇ ತುಳಿಯಲಿಲ್ಲ. ಮಾರುಕಟ್ಟೆಯ ಕಡೆಯಿಂದ ಸುತ್ತಿ ಹೋಗುತ್ತಿದ್ದರು. ನನಗೆ ಊಟ ರುಚಿಸಲಿಲ್ಲ ಎಂದರೆ ನೀನು ನಂಬುವುದಿಲ್ಲ, ಆದರೂ ನಿಜ. ಹೋದ ವಾರ ಬಾಗಿಲು ತೆರೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ನಿಂತಿದ್ದರು. ಕೈಯಲ್ಲಿ ಹಸಿರು ಹೂವಿನ ಚೀಲ, ಅದರ ತುಂಬ ಮಾಸಿದ ಅಂಗಿಗಳು. ಮೇಜಿನ ಮೇಲಿಟ್ಟು, ಚೀಲ ತೊಳೀಬೇಡಿ, ಒಳಗಿರೋದನ್ನ ಮಾತ್ರ ತೊಳೀರಿ ಅಂದರು. ಆಗಲಿ ಅಂದೆ. ಅಂಗಿಗಳನ್ನು ಎಣಿಸಿ ಚೀಟಿ ಬರೆದುಕೊಟ್ಟೆ. ಅಂಗಿ ಒಯ್ಯಲು ಬಂದ ದಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತರು. ನಮ್ಮ ಗೋಡೆ ಗಡಿಯಾರ ಯಾವತ್ತೂ ಹಿಂದೆ ಓಡುತ್ತಿತ್ತಲ್ಲ, ಅದನ್ನು ಇಳಿಸಿ ಸರಿ ಮಾಡಿ ಹೋಗಿದ್ದಾರೆ. ಈಗ ನಿನ್ನ ಮಾವ ತಡವಾಗಿ ಬಂದರೆ ನೆಪ ಹೇಳುವಂತಿಲ್ಲ.

ಸುದ್ದಿ ಇಷ್ಟೇ. ನಮ್ಮ ಲಾಂಡ್ರಿ ಬೇಡವೆಂದು ಹೋದವಳು ಆ ದೊಡ್ಡ ಹೋಟೆಲಿನಲ್ಲೂ ಬಟ್ಟೆಯನ್ನೇ ಒಗೆಯುತ್ತಿದ್ದೀಯ ಎಂದು ನಿನ್ನ ಮಾವ ದಿನಾ ನಗುತ್ತಾನೆ. ನಾನು ನಗುವುದಿಲ್ಲ. ಅಲ್ಲಿಯ ಸೋಪಿಗೆ ಕೈ ಒಡೆಯುತ್ತಿದ್ದರೆ ಎಣ್ಣೆ ಹಚ್ಚಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನಿಲ್ಲದೆ ತಾರಸಿಯ ತಂತಿಗೆ ದೊಡ್ಡ ಹೊದಿಕೆಗಳನ್ನು ಹಾಕಲು ಇನ್ನೊಂದು ತುದಿ ಹಿಡಿಯುವವರಿಲ್ಲ.

ಇತಿ, ನಿನ್ನ ಮೇಲೆ ಸಿಟ್ಟೂ ನೆನಪೂ ತುಂಬ ಇರುವ,
ನಿನ್ನ ಅಮ್ಮ

ಮರೆತ ಮಾತು: ಕೋಟು. ಮರೆತಿರಲಿಲ್ಲ ಬಿಡು. ನೀನು ಹೊರಟ ಮರುದಿನವೇ ಅದನ್ನು ಒಗೆದು, ಚೀಟಿ ಬರೆದು, ಹಿಂದಿನ ಸಾಲಿಗೆ ತೂಗುಹಾಕಿದ್ದೆ. ಸಾಲಿನಲ್ಲಿ ಈಗ ಉಳಿದಿರುವುದು ಅದೊಂದೇ. ತೋಳಿನ ಹರುಕು ಹೊಲಿದಿದ್ದೇನೆ. ಮೊನ್ನೆ ಪಾರ್ಸೆಲ್ ಮಾಡಲೆಂದು ಅಂಚೆ ಕಚೇರಿಗೂ ಹೋಗಿದ್ದೆ. ಅದೇ ಈರುಳ್ಳಿಯ ಗುಮಾಸ್ತೆ, ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ ತನ್ನಿ ಅಂದಳು. ನಮ್ಮಲ್ಲಿ ಈಗ ಪ್ಲಾಸ್ಟಿಕ್ ಇಲ್ಲವಲ್ಲ, ವಾಪಸ್ ತಂದು ಕಂಬಿಗೇ ಹಾಕಿದೆ. ಅದರ ಚೀಟಿಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಬರುವಾಗ ತಾ, ಚೀಟಿ ಇಲ್ಲದೆ ನಾನು ಯಾರಿಗೂ ಬಟ್ಟೆ ಕೊಡುವುದಿಲ್ಲ.