ಭಾನುವಾರದ ಬಣ್ಣ

ಸುಂಡ್‌ಬೀಬರ್ಯ್, ಸ್ವೀಡನ್
ನವೆಂಬರ್ ೨೩, ಭಾನುವಾರ

ನನ್ನ ಮುದ್ದು ಅನ್ಯಾ,

ನಾವೆಲ್ಲ ಇಲ್ಲಿ ಕ್ಷೇಮ ಎಂದು ಶುರು ಮಾಡುವುದು ಪದ್ಧತಿ. ಅಪ್ಪ ಕ್ಷೇಮ. ಬಾಲ್ಕನಿಯ ಕರಿಬೇವಿನ ಗಿಡವನ್ನು ಒಳಗೆ ತಂದು ಕಿಟಕಿಯ ಹತ್ತಿರ ಇಟ್ಟಿದ್ದೇವೆ, ಅದೂ ಕ್ಷೇಮ. ನನ್ನ ವಿಷಯವನ್ನು ಪತ್ರ ಓದಿದ ಮೇಲೆ ನೀನೇ ತೀರ್ಮಾನ ಮಾಡು.

ಫೋನಿನಲ್ಲಿ ಬರೆದರೆ ನೀನು ಹೆಬ್ಬೆರಳಿನ ಚಿತ್ರ ಕಳಿಸಿ ಮುಗಿಸುತ್ತೀಯ. ಆಗಸ್ಟ್‌ನಲ್ಲಿ ನೀನು ಓದಲು ಉತ್ತರದ ಉಮೆಯೋಗೆ ಹೋದಾಗಿನಿಂದ ನನಗೆ ಬಂದದ್ದು ಬರೀ ಹೆಬ್ಬೆರಳುಗಳು. ಸ್ವೀಡಿಷ್‌ನಲ್ಲಿ ಬರೆದರೆ ಒಂದೇ ಉಸಿರಿಗೆ ಓದಿ, ಅರ್ಧಕ್ಕೇ ಕೋಪ ಮಾಡಿಕೊಳ್ಳುತ್ತೀಯ. ಕನ್ನಡವಾದರೆ ನಿಧಾನ. ಶನಿವಾರದ ಕನ್ನಡ ಕ್ಲಾಸಿನಲ್ಲಿ ನೀನು ಒಂದೊಂದು ಅಕ್ಷರದ ಮೇಲೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ ಓದುತ್ತಿದ್ದದ್ದು ಇನ್ನೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಇದನ್ನೂ ಹಾಗೇ ಓದು. ನಾನು ಬರೆಯುತ್ತಿರುವುದೂ ಅದೇ ವೇಗದಲ್ಲಿ.

ಮೊನ್ನೆ ನೀನು ಹಾಕಿದ ಫೋಟೋವನ್ನು ಅಪ್ಪ ತೋರಿಸಿದರು. ದೀಪದ ಕೆಳಗೆ ಮಲಗಿ ಮೈ ಕಂದು ಮಾಡಿಕೊಳ್ಳುವ ಯಾವುದೋ ಸೋಲಾರಿಯಂನ ಕೌಂಟರ್ ಮುಂದೆ ಪುಟಾಣಿ ಕಪ್ಪು ಕನ್ನಡಕ ಹಾಕಿಕೊಂಡು, ಹತ್ತು ಸಲದ ಕಾರ್ಡ್ ಹಿಡಿದು ನಗುತ್ತಿದ್ದೀಯ. ಡಿಸೆಂಬರ್‌ನಲ್ಲಿ ಗೆಳತಿಯರ ಜೊತೆ ಬಿಸಿಲಿನ ದ್ವೀಪ ಟೆನೆರಿಫ್‌ಗೆ ಹೋಗುವ ಮೊದಲು ಮೈಗೆಲ್ಲ ಒಂದೇ ಸಮನಾಗಿ ಬಣ್ಣ ಬರಬೇಕು, ಬರುವ ಶನಿವಾರದಿಂದ ಶುರು, ಯಾವ ಲೋಷನ್ ಹಚ್ಚಿದರೆ ಒಳ್ಳೆಯದು ಎಂದು ಎಲ್ಲರನ್ನೂ ಕೇಳಿದ್ದೀಯ. ಕೆಳಗೆ ಸ್ವೀಡಿಷ್‌ನಲ್ಲಿ ಒಂದು ಸಾಲು: ಅಮ್ಮನ ನೆರಳಿನಿಂದ ಕೊನೆಗೂ ಹೊರಗೆ. ಐವತ್ತೆರಡು ಜನ ಉತ್ತರ ಕೊಟ್ಟಿದ್ದಾರೆ. ಐವತ್ತಮೂರನೆಯದು ನನ್ನದು. ಈ ವಿಷಯದಲ್ಲಿ ಅವರೆಲ್ಲರಿಗಿಂತ ನನಗೆ ಹೆಚ್ಚು ಗೊತ್ತು, ನಗಬೇಡ. ಶನಿವಾರ ಆ ದೀಪದ ಪೆಟ್ಟಿಗೆಯಲ್ಲಿ ಮಲಗುವ ಮೊದಲು ಇದನ್ನು ಕೊನೆಯ ಸಾಲಿನವರೆಗೆ ಓದು. ಓದಿದ ಮೇಲೆ, ಜುಲೈನಲ್ಲಿ ನೀನು ನನಗೆ ಅಂದ ಮಾತು ನಿಜವಲ್ಲ ಎಂದು ನಿನಗೆ ಅನ್ನಿಸಿದರೆ ನನಗೆ ಬೇರೇನೂ ಬೇಡ.

ಆ ದಿನ ಸೊಲ್ಲೆಂಟುನಾದ ಸರೋವರದಲ್ಲಿ ನೀನು ಈಜಿ ಬಂದು, ಒದ್ದೆ ಕೂದಲನ್ನು ಎತ್ತಿ ತುರುಬು ಕಟ್ಟಿ, ಗೆಳತಿಯರ ಪಕ್ಕ ದಂಡೆಯ ಮೇಲೆ ಬೋರಲು ಮಲಗಿದ್ದೆ. ನಾನು ಎಂದಿನಂತೆ ಉದ್ದ ತೋಳಿನ ಅಂಗಿ ತೊಟ್ಟು, ಮರದ ಕೆಳಗೆ ಚಿತ್ರಾನ್ನದ ಡಬ್ಬ ಕಾಯುತ್ತಾ ಕೂತಿದ್ದೆ. ಟವೆಲ್ ಕೊಡಲು ನಿನ್ನ ಹತ್ತಿರ ಬಂದೆ. ಬಂದವಳು ಇದ್ದಕ್ಕಿದ್ದ ಹಾಗೆ, ಏಳೇ, ಬಿಸಿಲಲ್ಲಿ ಬಿದ್ಕೊಂಡಿದೀಯಲ್ಲ, ಈಚೆ ಬಾ ಅಂತ ಕೂಗಿ, ನನ್ನ ದುಪಟ್ಟಾವನ್ನು ನಿನ್ನ ಕತ್ತಿಗೆ ಸುತ್ತಿದೆ. ನೀನು ಎದ್ದು ನಿಂತು ಎಲ್ಲರ ಮುಂದೆ, ನನ್ನ ಬಣ್ಣ ಕಂಡರೆ ನಿನಗೆ ನಾಚಿಕೆ, ನಾನು ಹುಟ್ಟಿದಾಗಿನಿಂದ ನಾಚಿಕೆ, ಅಂದೆ. ನಾನು ಟವೆಲನ್ನು ನಿನ್ನ ಪಕ್ಕ ಇಟ್ಟು ಮರದ ಕೆಳಗೆ ವಾಪಸ್ ಹೋದೆ. ಯಾಕೆ ಹಾಗೆ ಮಾಡಿದೆ ಎನ್ನುವುದನ್ನು ಆಮೇಲೆ ಬರೆಯುತ್ತೇನೆ. ಮೊದಲು ಸ್ವಲ್ಪ ಧೈರ್ಯ ಬರಲಿ.

ಚಿಕ್ಕವಳಿದ್ದಾಗ ಭಾನುವಾರ ಬೆಳಿಗ್ಗೆ ನೀನು ಬಾತ್‌ರೂಮಿನ ಬಾಗಿಲು ಬಡಿಯುತ್ತಿದ್ದೆ. ನಾನು ಒಳಗಿನಿಂದ, ತಲೆಗೆ ಎಣ್ಣೆ ಹಚ್ಕೊಂಡಿದೀನಿ ಪುಟ್ಟಿ, ಇನ್ನು ಅರ್ಧ ಗಂಟೆ ಅನ್ನುತ್ತಿದ್ದೆ. ನೀನು ಹೊರಗೆ ಕೂತು ಬಾಗಿಲ ಸಂದಿಯಿಂದ ಕ್ರೇಯಾನ್ ತೂರಿಸುತ್ತಿದ್ದೆ, ನಾನು ಅದನ್ನು ವಾಪಸ್ ತಳ್ಳುತ್ತಿದ್ದೆ. ಹನ್ನೊಂದು ವರ್ಷದ ಆ ಭಾನುವಾರಗಳಲ್ಲಿ ನಾನು ಎಣ್ಣೆ ಹಚ್ಚಿದ್ದು ಬೆರಳೆಣಿಕೆಯಷ್ಟು ಸಲ. ನಾನು ಒಳಗೆ ನನಗೆ ಬಣ್ಣ ಬಳಿದುಕೊಳ್ಳುತ್ತಿದ್ದೆ, ಅನ್ಯಾ.

ನನಗೆ ತೊನ್ನು ಇದೆ. ಈ ಶಬ್ದವನ್ನು ನಾನು ಇದೇ ಮೊದಲು ಕೈಯಾರೆ ಬರೆಯುತ್ತಿರುವುದು, ಬರೆದು ನೋಡಿದರೆ ಅಷ್ಟೇನೂ ದೊಡ್ಡದಲ್ಲ. ನಿನಗೆ ಎಂಟು ವರ್ಷವಾಗಿದ್ದಾಗ ವಾಚಿನ ಪಟ್ಟಿಯ ಕೆಳಗೆ ಮೊದಲ ಬಿಳಿ ಚುಕ್ಕೆ ಬಂತು. ಆಮೇಲೆ ಎರಡೂ ಮೊಣಕೈ, ಬೆರಳ ಗೆಣ್ಣು, ಹೊಟ್ಟೆಯ ಒಂದು ಪಕ್ಕ. ಡಾಕ್ಟರಮ್ಮ ಒಳ್ಳೆಯವಳು. ನೋಯುವುದಿಲ್ಲ, ಅಂಟುವುದಿಲ್ಲ, ಬಣ್ಣ ಮಾಡುವ ಕೆಲಸವನ್ನು ಚರ್ಮ ಅಲ್ಲಲ್ಲಿ ನಿಲ್ಲಿಸಿದೆ ಅಷ್ಟೇ, ಅಂದಳು. ನಾನು ತಲೆಯಾಡಿಸಿ ಮನೆಗೆ ಬಂದು ನಿನ್ನ ಬೇಸಿಗೆ ಬಟ್ಟೆ ಮಡಿಸುತ್ತಾ ಅತ್ತೆ. ಆಮೇಲೆ ಉದ್ದ ತೋಳಿನ ಅಂಗಿ ಕೊಂಡೆ. ಬಿಸಿಲಿಗೆ ಬಿದ್ದರೆ ಸುತ್ತಲಿನ ಚರ್ಮ ಕಪ್ಪಾಗಿ ಬಿಳಿಯದು ಎದ್ದು ಕಾಣುತ್ತದೆ. ಅದಕ್ಕೇ ನಾನು ಈಜಲಿಲ್ಲ, ದಂಡೆಯ ಮೇಲೆ ಮಲಗಲಿಲ್ಲ. ನೀನು ಅದನ್ನು ನೋಡುತ್ತಾ ಬೆಳೆದು, ಅಮ್ಮನಿಗೆ ಕಪ್ಪು ಬಣ್ಣವೆಂದರೆ ಆಗದು ಎಂದುಕೊಂಡೆ. ಇದರಲ್ಲಿ ನಿನ್ನ ತಪ್ಪೇನೂ ಇಲ್ಲ.

ಸೋಲಾರಿಯಂಗೆ ನಾನೂ ಹೋಗಿದ್ದೇನೆ. ಹನ್ನೊಂದು ವರ್ಷದ ಹಿಂದೆ ಫೆಬ್ರವರಿಯಲ್ಲಿ, ಮಧ್ಯಾಹ್ನದ ಕಾಫಿ ಕೂಟ ಫಿಕಾ ಬಿಟ್ಟು, ಆಫೀಸಿನಿಂದ ಬೇಗ ಹೊರಟು ಹೋದೆ. ಇಡೀ ಮೈಗೆ ಒಂದೇ ಬಣ್ಣ ಎಂದು ಗಾಜಿನ ಮೇಲೆ ಬರೆದಿದ್ದರು. ಕೌಂಟರ್‌ನ ಹುಡುಗಿ ದೀಪದ ಕೆಳಗೆ ಹಚ್ಚುವ ಲೋಷನ್ ಮಾರಿದಳು, ಸಮವಾಗಿ ಬರುತ್ತೆ ಅಂದಳು. ತೆಂಗಿನಕಾಯಿ ವಾಸನೆಯದು. ಹಚ್ಚಿಕೊಂಡು ಮಲಗಿ ಮುಚ್ಚಳ ಎಳೆದುಕೊಂಡೆ. ಮುಚ್ಚಿದ ಕಣ್ಣಿನ ಆಚೆ ನೇರಳೆ ಬೆಳಕು, ಫ್ಯಾನಿನ ಗುಂಯ್ ಸದ್ದು, ಬೆಚ್ಚಗೆ. ಹೊರಗೆ ಮಂಜು ಬೀಳುತ್ತಿತ್ತು, ನಾನು ಮಾತ್ರ ದಾವಣಗೆರೆಯ ನಮ್ಮ ತಾರಸಿಯ ಮೇಲಿದ್ದೆ.

ಬೇಸಿಗೆ ರಜೆ. ಹಳೇ ಸೀರೆಯ ಮೇಲೆ ಹಪ್ಪಳ ಒಣಗುತ್ತಿವೆ, ಕಾಗೆ ಕಾಯುವುದು ನನ್ನ ಕೆಲಸ. ಮನೆಯವರೆಲ್ಲ ಊಟ ಮಾಡಿ ಮಲಗಿದ ಮೇಲೆ ಸುಲೋಚನಾ ಚಿಕ್ಕಮ್ಮ ಮೆಟ್ಟಿಲು ಹತ್ತಿ ಬರುತ್ತಾಳೆ. ನೀರಿನ ಟ್ಯಾಂಕಿನ ಹಿಂದೆ ಕೂತು, ರವಿಕೆಯ ಉದ್ದ ತೋಳನ್ನು ಮೇಲಕ್ಕೆ ಮಡಿಸಿ, ಪಂಡಿತರು ಕೊಟ್ಟ ಯಾವುದೋ ಎಣ್ಣೆ ಸವರಿ, ಎರಡೂ ಕೈಗಳನ್ನು ಬಿಸಿಲಿಗೆ ಚಾಚುತ್ತಾಳೆ. ಕೈತುಂಬ ಬಿಳಿ ಬಿಳಿ ಮೋಡಗಳು. ನನಗೆ ಅದು ಎಷ್ಟು ಚೆನ್ನಾಗಿ ಕಂಡಿತು ಎಂದರೆ, ಹತ್ತಿರ ಹೋಗಿ ಮುಟ್ಟಿದೆ. ಅವಳು ತುಟಿಯ ಮೇಲೆ ಬೆರಳಿಟ್ಟು ನಕ್ಕಳು. ಅವಳನ್ನು ನೋಡಲು ಗಂಡಿನ ಕಡೆಯವರು ಬಂದಾಗ ನನಗೂ ಎಂಟೇ ವರ್ಷ. ಉಪ್ಪಿಟ್ಟು ತಿನ್ನುತ್ತಾ ಕೂತಿದ್ದ ಹೆಂಗಸಿಗೆ ನಾನು, ನಮ್ ಚಿಕ್ಕಮ್ಮನ ಕೈ ಮೇಲೆ ಮೋಡ ಇದೆ ಗೊತ್ತಾ ಅಂತ ಹೇಳಿದೆ. ಅವರು ಕಾಫಿ ಕುಡಿಯದೆ ಎದ್ದರು.

ಚಿಕ್ಕಮ್ಮ ನನ್ನನ್ನು ಬೈಯಲಿಲ್ಲ. ಮುಂದೆ ಅವಳು ಹೊಲಿಗೆ ಕಲಿತು, ಸಾಯುವವರೆಗೆ ನನ್ನ ರವಿಕೆಗಳನ್ನೆಲ್ಲ ಗಿಡ್ಡ ತೋಳಿಟ್ಟು ಹೊಲಿದುಕೊಟ್ಟಳು. ಕೈ ಚೆನ್ನಾಗಿದೆ ಕಣೇ, ಗಾಳಿ ಆಡಲಿ ಅನ್ನುತ್ತಿದ್ದಳು. ಬಾಯಿ ಬಿಟ್ಟರೆ ಒಬ್ಬರ ಬಾಳು ಹಾಳಾಗುತ್ತದೆ ಎಂದು ನಾನು ಕಲಿತದ್ದು ಆಗ. ಕಲಿತದ್ದನ್ನು ಇಲ್ಲಿಯವರೆಗೂ ಹೊತ್ತು ತಂದೆ.

ಪೆಟ್ಟಿಗೆಯಿಂದ ಎದ್ದಾಗ ಏನಾಗಿತ್ತು ಎಂದು ಕೇಳು. ಕಂದು ಇದ್ದದ್ದು ಇನ್ನಷ್ಟು ಕಂದಾಯಿತು. ಬಿಳಿ ಇದ್ದದ್ದು ಕೆಂಪಗೆ ಸುಟ್ಟು, ಒಂದು ವಾರ ಉರಿಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಆ ಲೋಷನ್ ಚರ್ಮ ಒಣಗದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೇ. ಇಲ್ಲದ ಬಣ್ಣವನ್ನು ತಂದುಕೊಡುವುದಿಲ್ಲ, ಸುಡುವುದನ್ನು ತಡೆಯುವುದೂ ಇಲ್ಲ. ಡಾಕ್ಟರಮ್ಮ ಕೇಳಿ ತಲೆ ಚಚ್ಚಿಕೊಂಡಳು. ಇನ್ನೊಂದು ಸಲ ಆ ಕಡೆ ತಲೆ ಹಾಕಬೇಡ, ಬಣ್ಣ ಬೇಕೇ ಬೇಕಾದರೆ ಬಾಟಲಿಯಿಂದ ಹಚ್ಚಿಕೋ ಅಂದಳು.

ಬಾಟಲಿಯ ಬಣ್ಣಕ್ಕೆ ಬಿಸಿಲೂ ಬೇಡ, ದೀಪವೂ ಬೇಡ. ಅದು ಚರ್ಮದ ತೀರಾ ಮೇಲಿನ ಪದರಕ್ಕೆ ಹತ್ತುತ್ತದೆ, ಹಾಗಾಗಿ ಬಿಳಿಯ ಮೇಲೂ ನಿಲ್ಲುತ್ತದೆ. ಆದರೆ ಕೈ ಕುದುರಬೇಕು. ನಾನು ಮೊದಮೊದಲು ಮೈ ಉಜ್ಜದೆ ಹಚ್ಚಿ ಹುಲಿಪಟ್ಟೆ ಮಾಡಿಕೊಂಡೆ. ಹಿಂದಿನ ದಿನವೇ ಒರಟು ಬಟ್ಟೆಯಲ್ಲಿ ಉಜ್ಜಿ ಸ್ನಾನ ಮಾಡಬೇಕು. ಮೊಣಕೈ, ಮಂಡಿ ಬಣ್ಣವನ್ನು ಹೊಟ್ಟೆಬಾಕರ ಹಾಗೆ ಕುಡಿಯುತ್ತವೆ, ಅಲ್ಲಿಗೆ ಮೊದಲು ಸ್ವಲ್ಪ ಕ್ರೀಮ್ ಸವರಿಡಬೇಕು. ಹಚ್ಚುವುದಕ್ಕೆ ಬೆರಳಿಲ್ಲದ ಚೀಲದಂಥ ಒಂದು ಕೈಗವಸು ಸಿಗುತ್ತದೆ, ರಂಗೋಲಿಗೆ ನೆಲ ಸಾರಿಸುವ ಹಾಗೆ ಸುತ್ತಿಸಿ ಸುತ್ತಿಸಿ ಹಚ್ಚಬೇಕು. ಹಳೇ ಬಿಸ್ಕತ್ತಿನ ವಾಸನೆ ಬರುತ್ತದೆ, ಹೆದರಬೇಡ. ಐದಾರು ದಿನ ಇದ್ದು ಮಾಸುತ್ತದೆ. ಅದಕ್ಕೇ ಪ್ರತಿ ಭಾನುವಾರ.

ಒಂದು ಸಲ ಗವಸು ಹಾಕದೆ ಬರಿಗೈಯಲ್ಲಿ ಹಚ್ಚಿ, ಕೈ ತೊಳೆಯುವುದನ್ನು ಮರೆತೆ. ಅಂಗೈ ಎರಡೂ ಕಿತ್ತಳೆ! ಅವತ್ತೇ ಕನ್ನಡ ಸಂಘದ ಗೌರಿ ಹಬ್ಬ. ಆರತಿ ಆಂಟಿ ನನ್ನ ಕೈ ಹಿಡಿದು, ಗೋರಂಟಿ ಎಷ್ಟು ಚೆನ್ನಾಗಿ ಹತ್ತಿದೆ ರೀ, ಯಜಮಾನರಿಗೆ ನಿಮ್ಮ ಮೇಲೆ ತುಂಬಾ ಪ್ರೀತಿ ಅಂದರು. ಅಪ್ಪ ಪಕ್ಕದಲ್ಲೇ ನಿಂತಿದ್ದರು, ಗಂಭೀರವಾಗಿ ಹೌದು ಅಂದರು. ಕಾರಿನಲ್ಲಿ ನಾವಿಬ್ಬರೂ ನಕ್ಕೂ ನಕ್ಕೂ ಸುಸ್ತಾದೆವು. ಹಿಂದಿನ ಸೀಟಿನಲ್ಲಿದ್ದ ನೀನು, ಯಾಕೆ ನಗ್ತಿದೀರ ಅಂತ ಮೂರು ಸಲ ಕೇಳಿದೆ. ಹೇಳಲಿಲ್ಲ. ಆ ನಗುವಿನಲ್ಲಿ ನಿನಗೆ ಪಾಲು ಕೊಡಲಿಲ್ಲವಲ್ಲ ಎಂದು ಈಗ ಸಂಕಟವಾಗುತ್ತದೆ.

ಅಪ್ಪ ಮೊದಲಿನಿಂದಲೂ, ಮಗಳಿಗೆ ಹೇಳು ಪಾವನಾ ಅನ್ನುತ್ತಲೇ ಇದ್ದಾರೆ. ಬೇಡ ಎಂದವಳು ನಾನು. ಊರಲ್ಲಿ ಗೊತ್ತಾದರೆ ನಾಳೆ ನಿನ್ನ ಮದುವೆಗೆ ಅಡ್ಡಿ ಎಂದು ಹೆದರಿದೆ. ನೀನು ಇದನ್ನು ಓದಿ ಕಣ್ಣು ಮೇಲೆ ಮಾಡುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಮೊನ್ನೆ ಫೋಟೋ ನೋಡಿ ಅಪ್ಪ ತಾವೇ ಫೋನ್ ಮಾಡಲು ಹೊರಟರು. ಇದು ನಾನೇ ಹೇಳಬೇಕಾದದ್ದು, ಬಿಡಿ ಅಂದೆ.

ಇವತ್ತು ಭಾನುವಾರ. ಬೆಳಿಗ್ಗೆ ಎದ್ದು ಅಭ್ಯಾಸಬಲದಿಂದ ಬಾತ್‌ರೂಮಿಗೆ ಹೋದೆ. ಬಾಗಿಲು ಹಾಕಲಿಲ್ಲ. ಬಾಟಲಿ ತೆರೆಯಲಿಲ್ಲ. ಹತ್ತು ಗಂಟೆಯ ತೆಳು ಬಿಸಿಲು ಅಡುಗೆಮನೆಯ ಮೇಜಿನ ಮೇಲೆ ಬಿದ್ದಿದೆ, ತೋಳು ಮಡಿಸಿ ಅಲ್ಲೇ ಕೂತು ಬರೆಯುತ್ತಿದ್ದೇನೆ. ಪೆನ್ನು ಹಿಡಿದ ಕೈಯ ಮೇಲೆ ಚಿಕ್ಕಮ್ಮನ ಮೋಡಗಳು. ಎಷ್ಟೋ ವರ್ಷದ ಮೇಲೆ ಅವಳ ಪಕ್ಕ ಕೂತ ಹಾಗಿದೆ.

ಟೆನೆರಿಫ್‌ಗೆ ಹೋಗು. ಈಜು, ಕುಣಿ, ದಂಡೆಯ ಮೇಲೆ ಬೇಕಾದಷ್ಟು ಹೊತ್ತು ಇರು, ಸನ್‌ಸ್ಕ್ರೀನ್ ಮಾತ್ರ ಮರೆಯಬೇಡ. ನಿನ್ನ ಬಣ್ಣ ನನಗೆ ಎಂದೂ ಕಡಿಮೆ ಎನ್ನಿಸಿಲ್ಲ. ನೀನು ಹುಟ್ಟಿದಾಗ ನರ್ಸ್ ನಿನ್ನನ್ನು ನನ್ನ ಎದೆಯ ಮೇಲೆ ಮಲಗಿಸಿದಳು, ಎಲ್ಲಿ ನಾನು ಮುಗಿದೆ ಎಲ್ಲಿ ನೀನು ಶುರುವಾದೆ ಎಂದು ಗೊತ್ತಾಗದಷ್ಟು ಒಂದೇ ಬಣ್ಣ ನಾವಿಬ್ಬರೂ. ಆ ಬಣ್ಣದಲ್ಲಿ ಈಗ ಉಳಿದದ್ದು ನಿನ್ನ ಹತ್ತಿರ ಇದೆ. ಅದನ್ನು ಆ ಪೆಟ್ಟಿಗೆಗೆ ಕೊಡಬೇಡ.

ನಾಳೆ ಪಾರ್ಸೆಲ್ ಹಾಕುತ್ತೇನೆ, ಗುರುವಾರ ಕೈ ಸೇರುತ್ತದಂತೆ. ಸಾರಿನ ಪುಡಿ ಈ ಸಲ ಖಾರ ಕಡಿಮೆ ಮಾಡಿದ್ದೇನೆ.

ಇನ್ನು ಬಾಗಿಲು ಹಾಕಿಕೊಳ್ಳದ,
ನಿನ್ನ ಅಮ್ಮ

ತಾ.ಕ.: ಧೈರ್ಯ ಬಂದ ಮೇಲೆ ಬರೆಯುತ್ತೇನೆ ಎಂದಿದ್ದೆ. ಸಹಿ ಹಾಕಿ, ಒಂದು ಲೋಟ ಕಾಫಿ ಕುಡಿದರೂ ಅದು ಬಂದಿಲ್ಲ. ಇರಲಿ, ಬರೆಯುತ್ತೇನೆ. ಎರಡು ಕನ್ನಡಿ ತೆಗೆದುಕೊಂಡು, ಕೂದಲೆತ್ತಿ, ಎಡಗಿವಿಯ ಹಿಂದೆ ಕತ್ತಿನ ಹತ್ತಿರ ನೋಡು. ಕುಂಕುಮದ ಬೊಟ್ಟಿನಷ್ಟು ಒಂದು ಬಿಳಿ ಚುಕ್ಕೆ ಇದೆ. ಜುಲೈನಲ್ಲಿ ಟವೆಲ್ ಕೊಡಲು ಬಂದಾಗ ನಾನು ನೋಡಿದ್ದು ಅದನ್ನು. ನಾನು ಮುಚ್ಚಿದ್ದು ನಿನ್ನ ಬಣ್ಣವನ್ನಲ್ಲ ಪುಟ್ಟಿ, ನನ್ನ ಭಯವನ್ನು. ಆ ಚುಕ್ಕೆ ನನ್ನ ಥರದ್ದೇ ಇರಬಹುದು, ಏನೂ ಇಲ್ಲದೆಯೂ ಇರಬಹುದು, ಡಾಕ್ಟರಿಗೆ ತೋರಿಸು. ಸಾರಿನ ಪುಡಿಯ ಕೆಳಗೆ ಒಂದು ಹೊಸ ಬಾಟಲಿ, ಒಂದು ಗವಸು ಇಟ್ಟಿದ್ದೇನೆ. ಬೇಕಾದರೆ ಇಟ್ಟುಕೋ, ಬೇಡವಾದರೆ ಎಸೆ, ನನ್ನ ಹಾಗೆ ಬಚ್ಚಿಟ್ಟುಕೊಳ್ಳಬೇಡ. ಡಿಸೆಂಬರ್ ಹದಿನೇಳಕ್ಕೆ ನಿನ್ನ ರೈಲು ಸ್ಟಾಕ್‌ಹೋಮ್‌ಗೆ ಬರುತ್ತದೆ ಎಂದು ಅಪ್ಪ ಹೇಳಿದರು. ಪ್ಲಾಟ್‌ಫಾರ್ಮಿನಲ್ಲಿ ನಿಂತಿರುತ್ತೇನೆ. ಎಷ್ಟೇ ಚಳಿ ಇದ್ದರೂ ಗ್ಲೌಸ್ ಹಾಕಿರುವುದಿಲ್ಲ. ಕೈ ನೋಡಿದರೆ ಗುರುತು ಸಿಗುತ್ತದೆ.